ಹತ್ತು ಮತದ ಅಂತರ: ಬರ್ನಿ ಸ್ಯಾಂಡರ್ಸ್ ಸೋತ ಮತ್ತು ಗೆದ್ದ ಚುನಾವಣೆಗಳ ಬಗ್ಗೆ ಮಾತಾಡೋಣ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನಲ್ಲಿ ಅಮೆರಿಕದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಮಾತು ಬಂದಾಗಲೆಲ್ಲ ಅದು 2016ರಲ್ಲಿ ಶುರುವಾಗಿ 2020ಕ್ಕೆ ಮುಗಿದುಹೋಗುತ್ತದೆ. ಅಧ್ಯಕ್ಷ ಹುದ್ದೆಗೆ ಡೆಮಾಕ್ರಾಟ್ ಪಕ್ಷದ ಅಭ್ಯರ್ಥಿಯಾಗುವ ಸ್ಪರ್ಧೆಯಲ್ಲಿ ಹಿಲರಿ ಕ್ಲಿಂಟನ್ ಎದುರು ಸೋತರು, ಆಮೇಲೆ ಜೋ ಬೈಡನ್ ಎದುರು ಸೋತರು, ಅಷ್ಟೇ. ಆದರೆ ಅವರ ಹೆಸರು ಮೊದಲ ಸಲ ಮತಪತ್ರದಲ್ಲಿ ಬಂದದ್ದು 1972ರ ಜನವರಿಯಲ್ಲಿ. ಕೊನೆಯ ಸಲ ಬಂದದ್ದು 2024ರ ನವೆಂಬರಿನಲ್ಲಿ. ನಡುವೆ ಐವತ್ತೆರಡು ವರ್ಷ ಇದೆ. ಆ ಹಳೆಯ ಫಲಿತಾಂಶಗಳನ್ನು ಒಂದು ತಿಂಗಳಿಂದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಬರೆಯುತ್ತಾ ಬರೆಯುತ್ತಾ ನನಗೆ ಅನಿಸಿದ್ದನ್ನು ಇಲ್ಲಿ ಹಾಕುತ್ತೇನೆ. ತಪ್ಪಿದ್ದರೆ ತಿದ್ದಿ.

ಮೊದಲು ಸೋಲುಗಳು. ಸ್ಯಾಂಡರ್ಸ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, 1941ರಲ್ಲಿ. 1968ರಲ್ಲಿ ವರ್ಮಾಂಟ್ ರಾಜ್ಯಕ್ಕೆ ಬಂದು ನೆಲೆಸಿದರು. ಅಲ್ಲಿ ಲಿಬರ್ಟಿ ಯೂನಿಯನ್ ಅಂತ ಒಂದು ಪುಟ್ಟ ಪಕ್ಷ ಇತ್ತು. ವಿಯೆಟ್ನಾಂ ಯುದ್ಧ ಬೇಡ ಅನ್ನುವವರ ಪಕ್ಷ. ಸೆನೆಟರ್ ವಿನ್‌ಸ್ಟನ್ ಪ್ರೌಟಿ ತೀರಿಕೊಂಡು ಉಪಚುನಾವಣೆ ಬಂತು. ಲಿಬರ್ಟಿ ಯೂನಿಯನ್ ಪರವಾಗಿ ಸ್ಯಾಂಡರ್ಸ್ ನಿಂತರು. ಬಂದ ಮತ 1,571. ನೂರಕ್ಕೆ ಎರಡು.

ಅದೇ ವರ್ಷ ನವೆಂಬರಿನಲ್ಲಿ ಗವರ್ನರ್ ಹುದ್ದೆಗೆ ನಿಂತರು. ನೂರಕ್ಕೆ ಒಂದು. 1974ರಲ್ಲಿ ಮತ್ತೆ ಸೆನೆಟ್, ನೂರಕ್ಕೆ ನಾಲ್ಕು. 1976ರಲ್ಲಿ ಮತ್ತೆ ಗವರ್ನರ್, ನೂರಕ್ಕೆ ಆರು. ಐದು ವರ್ಷದೊಳಗೆ ನಾಲ್ಕು ಚುನಾವಣೆ, ನಾಲ್ಕೂ ಸೋಲು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ನಾಲ್ಕರಲ್ಲೂ ಠೇವಣಿ ಹೋಗುವ ಸೋಲು.

1977ರಲ್ಲಿ ಆ ಪಕ್ಷವನ್ನೂ ಬಿಟ್ಟರು. ಬಡಗಿ ಕೆಲಸ ಮಾಡಿದರು. ಶಾಲೆಗಳಿಗೆ ಇತಿಹಾಸದ ಚಿತ್ರಪಟ್ಟಿಗಳನ್ನು ತಯಾರಿಸಿ ಮಾರಿದರು. ಯೂಜಿನ್ ಡೆಬ್ಸ್ ಎಂಬ ಹಳೆಯ ಕಾರ್ಮಿಕ ನಾಯಕನ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿದರು. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಆಗ ಅವರನ್ನು ನೋಡಿದವರು ಇವರ ರಾಜಕೀಯ ಮುಗಿಯಿತು ಅಂದುಕೊಂಡಿದ್ದರೆ ಅದರಲ್ಲಿ ತಪ್ಪಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನೂರಕ್ಕೆ ಆರರ ಗಡಿ ದಾಟದ ಮನುಷ್ಯ 1981ರಲ್ಲಿ ಹೇಗೆ ಗೆದ್ದರು? ಗೆದ್ದ ಮೇಲೆ ನಲವತ್ತು ವರ್ಷ ಹೇಗೆ ಉಳಿದರು?

ಹುಬ್ಬಳ್ಳಿ ಹುಡುಗ:
ಅಣ್ಣ, ಮೊದಲು ವರ್ಮಾಂಟ್ ಬಗ್ಗೆ ಒಂದಿಷ್ಟು ಹೇಳಿ. ನಕ್ಷೆಯಲ್ಲಿ ಹುಡುಕಿದೆ, ಕೆನಡಾ ಗಡಿಗೆ ಅಂಟಿಕೊಂಡಿದೆ. ಮೊದಲಿನಿಂದಲೂ ಎಡಪಂಥೀಯರ ರಾಜ್ಯವೇನು?

ತುಂಗಾತೀರ:
ಇಲ್ಲ ತಮ್ಮ, ಪೂರ್ತಿ ಉಲ್ಟಾ. ನೂರು ವರ್ಷಕ್ಕಿಂತ ಜಾಸ್ತಿ ಕಾಲ ಅದು ರಿಪಬ್ಲಿಕನ್ನರ ಕೋಟೆ. 1850ರ ದಶಕದಿಂದ ಒಬ್ಬರ ಹಿಂದೆ ಒಬ್ಬರು ರಿಪಬ್ಲಿಕನ್ ಗವರ್ನರುಗಳೇ. ಆ ಸಾಲು ಮುರಿದದ್ದು 1962ರಲ್ಲಿ, ಫಿಲಿಪ್ ಹಾಫ್ ಗೆದ್ದಾಗ. ಅರವತ್ತರ ಕೊನೆಯಲ್ಲಿ, ಎಪ್ಪತ್ತರ ಮೊದಲಲ್ಲಿ ಊರು ಬಿಟ್ಟು ಹಳ್ಳಿ ಸೇರಬೇಕು ಅಂತ ಹೊರಟ ಯುವಕರು ತುಂಬ ಜನ ಅಲ್ಲಿಗೆ ಬಂದರು. ಸ್ಯಾಂಡರ್ಸ್ ಬಂದದ್ದೂ ಅದೇ ಕಾಲದಲ್ಲಿ.

ಇನ್ನೊಂದು ವಿಷಯ ಮುಖ್ಯ. ಇವತ್ತಿಗೂ ಅಲ್ಲಿನ ಜನಸಂಖ್ಯೆ ಸುಮಾರು ಆರೂವರೆ ಲಕ್ಷ. ಕೆಳಮನೆಯಾದ ಪ್ರತಿನಿಧಿಗಳ ಸಭೆಯಲ್ಲಿ ಇಡೀ ರಾಜ್ಯಕ್ಕೆ ಒಂದೇ ಸೀಟು. ಹಾಗಾಗಿ ಅಲ್ಲಿ ಪ್ರತಿನಿಧಿಯಾಗಲು ನಿಂತವರೂ ಸೆನೆಟರ್ ಆಗಲು ನಿಂತವರೂ ಅದೇ ಜನರ ಹತ್ತಿರ ಹೋಗಬೇಕು. ಒಮ್ಮೆ ಸೋತವರಿಗೂ ರಾಜ್ಯವೆಲ್ಲ ಪರಿಚಯ ಆಗಿರುತ್ತದೆ.

ಕಾಲೇಜು ಮೇಷ್ಟ್ರು:
1974ರ ಅಂಕಿ ಇನ್ನೊಮ್ಮೆ ನೋಡಿ. ಅದರಲ್ಲಿ ಒಂದು ಒಳ್ಳೆಯ ಕಥೆ ಇದೆ. ಆ ವರ್ಷ ವಾಟರ್‌ಗೇಟ್ ಹಗರಣದಿಂದ ನಿಕ್ಸನ್ ರಾಜೀನಾಮೆ ಕೊಟ್ಟಿದ್ದರು, ರಿಪಬ್ಲಿಕನ್ನರ ಮೇಲೆ ಜನರಿಗೆ ಸಿಟ್ಟಿತ್ತು. ಪ್ಯಾಟ್ರಿಕ್ ಲೇಹಿ ಎಂಬ ಮೂವತ್ತನಾಲ್ಕು ವರ್ಷದ ಸರ್ಕಾರಿ ವಕೀಲರು ಡೆಮಾಕ್ರಾಟ್ ಆಗಿ ನಿಂತಿದ್ದರು. ಎದುರಾಳಿ ರಿಪಬ್ಲಿಕನ್ ಪಕ್ಷದ ರಿಚರ್ಡ್ ಮ್ಯಾಲರಿ. ಲೇಹಿ ಗೆದ್ದ ಅಂತರ ಸುಮಾರು 4,400 ಮತ. ಸ್ಯಾಂಡರ್ಸ್ ತೆಗೆದುಕೊಂಡದ್ದು 5,901.

ಸ್ಯಾಂಡರ್ಸ್ ಇನ್ನು ಸ್ವಲ್ಪ ಜಾಸ್ತಿ ಮತ ತೆಗೆದುಕೊಂಡಿದ್ದರೆ ಲೇಹಿ ಸೋಲಬಹುದಿತ್ತು. ವರ್ಮಾಂಟಿನಿಂದ ಸೆನೆಟ್ಟಿಗೆ ಆರಿಸಿ ಬಂದ ಮೊದಲ ಡೆಮಾಕ್ರಾಟ್ ಅವರು. ಆಮೇಲೆ 48 ವರ್ಷ ಆ ಸೀಟಿನಲ್ಲಿದ್ದರು. 2007ರಿಂದ 2023ರವರೆಗೆ ವರ್ಮಾಂಟಿನ ಇಬ್ಬರು ಸೆನೆಟರುಗಳು ಯಾರು? ಲೇಹಿ ಮತ್ತು ಸ್ಯಾಂಡರ್ಸ್. 1974ರಲ್ಲಿ ಎದುರುಬದುರು ನಿಂತವರು ಹದಿನಾರು ವರ್ಷ ಒಂದೇ ರಾಜ್ಯದ ಪರ ಜೊತೆಗೆ ಕೂತರು. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ತುಂಗಾತೀರ:
ಮೇಷ್ಟ್ರೇ, ಇದನ್ನು ನಾನು ಗಮನಿಸಿಯೇ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಸೇರಿಸಿಕೊಂಡೆ.

ಈಗ 1981ಕ್ಕೆ ಬರೋಣ. ಊರು ಬರ್ಲಿಂಗ್ಟನ್, ಚಾಂಪ್ಲೇನ್ ಸರೋವರದ ದಂಡೆ. ವರ್ಮಾಂಟಿನ ಅತಿ ದೊಡ್ಡ ಊರು, ಆದರೂ ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರದಷ್ಟೇ ಇರಬಹುದು. ಗಾರ್ಡನ್ ಪ್ಯಾಕೆಟ್ ಎಂಬ ಡೆಮಾಕ್ರಾಟ್ ಐದು ಅವಧಿಯಿಂದ ಮೇಯರ್. ಅವರನ್ನು ಯಾರೂ ಸೋಲಿಸಲಾರರು ಅಂತ ಎಲ್ಲರಿಗೂ ಅನಿಸಿತ್ತು. ಎಷ್ಟರಮಟ್ಟಿಗೆ ಅಂದರೆ ರಿಪಬ್ಲಿಕನ್ನರು ಅಭ್ಯರ್ಥಿಯನ್ನೇ ಹಾಕಲಿಲ್ಲ.

ಸ್ಯಾಂಡರ್ಸ್‌ಗೆ ಮೇಯರ್ ಹುದ್ದೆಗೆ ನಿಲ್ಲು ಅಂತ ಹುರಿದುಂಬಿಸಿದವರು ರಿಚರ್ಡ್ ಶುಗರ್‌ಮನ್ ಎಂಬ ಗೆಳೆಯ, ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಬಗ್ಗೆ ಪಾಠ ಮಾಡುತ್ತಿದ್ದವರು. ಹಳೆಯ ಚುನಾವಣೆಗಳ ಅಂಕಿಗಳನ್ನು ವಾರ್ಡುವಾರು ನೋಡಿದರೆ ಬರ್ಲಿಂಗ್ಟನ್‌ನ ಬಡವರ ಕೇರಿಗಳಲ್ಲಿ ಸ್ಯಾಂಡರ್ಸ್‌ಗೆ ಬೇರೆ ಕಡೆಗಿಂತ ಜಾಸ್ತಿ ಮತ ಬಂದಿತ್ತು. ಹೀಗಾಗಿ ಈ ಸಲ ಇಡೀ ರಾಜ್ಯ ಬಿಟ್ಟು ಒಂದೇ ಊರು ಹಿಡಿದರು. ಪಕ್ಷದ ಹೆಸರಿಲ್ಲ, ಪಕ್ಷೇತರ. ಮಾತಾಡಿದ ವಿಷಯಗಳೂ ಬದಲಾದವು. ಮನೆ ಬಾಡಿಗೆ, ರಸ್ತೆಯ ಹಿಮ ತೆಗೆಯುವುದು, ಸರೋವರದ ದಂಡೆಯಲ್ಲಿ ಶ್ರೀಮಂತರಿಗೆ ಮಾತ್ರ ಅಪಾರ್ಟ್‌ಮೆಂಟ್ ಯಾಕೆ ಅನ್ನುವ ಪ್ರಶ್ನೆ. ಮೇಯರ್ ಪ್ಯಾಕೆಟ್ ಆಸ್ತಿ ತೆರಿಗೆ ಏರಿಸಬೇಕು ಅಂದರು, ಸ್ಯಾಂಡರ್ಸ್ ಬೇಡ ಅಂದರು. ಊರಿನ ಪೊಲೀಸ್ ಪೇದೆಗಳ ಸಂಘ ಕೂಡ ಸ್ಯಾಂಡರ್ಸ್ ಪರ ನಿಂತಿತು. ಸಮಾಜವಾದಿ ಅಂತ ಬಾಯಿಬಿಟ್ಟು ಹೇಳಿಕೊಳ್ಳುವ ಮನುಷ್ಯನಿಗೆ ಪೊಲೀಸರ ಬೆಂಬಲ, ಅದೂ ರೇಗನ್ ಅಧ್ಯಕ್ಷರಾದ ಎರಡೇ ತಿಂಗಳಿಗೆ!

1981ರ ಮಾರ್ಚ್ 3, ಮಂಗಳವಾರ. ರಾತ್ರಿ ಎಣಿಕೆ ಮುಗಿದಾಗ ಮುನ್ನಡೆ 22 ಮತ. ಮರುಎಣಿಕೆ ಆಯಿತು, 10ಕ್ಕೆ ಇಳಿಯಿತು. 4,330 ಮತ್ತು 4,320.

ಇದನ್ನು ಬರೆಯುವಾಗ ನನ್ನ ಕೈ ನಿಂತಿತು. ಹತ್ತು ಮತ ಅಂದರೆ ಎರಡು ಮನೆಯವರು. ಒಂದು ಸಂಜೆ ಯಾರೋ ಒಬ್ಬ ಕಾರ್ಯಕರ್ತೆ ಚಳಿಗೆ ಹೆದರಿ ಒಂದು ಬೀದಿ ಬಿಟ್ಟು ಮನೆಗೆ ಹೋಗಿದ್ದರೆ ಮುಂದಿನದ್ದು ಯಾವುದೂ ಇರುತ್ತಿರಲಿಲ್ಲ.

ಉತ್ತರದ ಚಳಿ:
ನಾನು ನಾಲ್ಕು ವರ್ಷ ಬರ್ಲಿಂಗ್ಟನ್‌ನಲ್ಲಿ ಓದಿದವಳು. ಮಾರ್ಚಿನ ಮೊದಲ ಮಂಗಳವಾರ ಅಲ್ಲಿ ‘ಟೌನ್ ಮೀಟಿಂಗ್ ಡೇ’. ಬರ್ಲಿಂಗ್ಟನ್‌ನಲ್ಲಿ ಅವತ್ತು ಮತಪತ್ರದ ಮೇಲೆ ಮತ ಹಾಕುತ್ತಾರೆ. ಆದರೆ ಸುತ್ತಲಿನ ಸಣ್ಣ ಊರುಗಳಲ್ಲಿ ಜನ ಶಾಲೆಯ ಹಾಲ್‌ನಲ್ಲಿ ಸೇರಿ, ರಸ್ತೆಗೆ ಎಷ್ಟು ದುಡ್ಡು, ಹೊಸ ಹಿಮದ ಲಾರಿ ಬೇಕೋ ಬೇಡವೋ ಅಂತ ಗಂಟೆಗಟ್ಟಲೆ ಮಾತಾಡಿ ಕೈಯೆತ್ತಿ ತೀರ್ಮಾನ ಮಾಡುತ್ತಾರೆ. ಸಹಪಾಠಿಯ ಊರಿಗೆ ಹೋದಾಗ ಒಮ್ಮೆ ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದೆ. ಮಧ್ಯಾಹ್ನ ಎಲ್ಲರಿಗೂ ಊಟ. ಬೆಳಿಗ್ಗೆ ಜಗಳ ಆಡಿದವರು ಪಕ್ಕಪಕ್ಕ ಕೂತು ಸೂಪು ಕುಡಿಯುತ್ತಿದ್ದರು.

ಮಾರ್ಚ್ ಅಂದರೆ ಅಲ್ಲಿ ವಸಂತ ಅಲ್ಲ. ಮೊಣಕಾಲುದ್ದ ಹಿಮ ಇರುತ್ತದೆ. ಹಾಗಾಗಿ ತುಂಗಾತೀರ ಅವರೇ, ಆ ಕಾರ್ಯಕರ್ತೆಯ ಬಗ್ಗೆ ನೀವು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಮನೆ ಮನೆ ಪ್ರಚಾರ ಅಂದರೆ ಸುಮ್ನೆ ಮಾತಲ್ಲ. ಕೈಗವಸು ತೆಗೆದು ಬೆಲ್ ಒತ್ತಬೇಕು, ಮತ್ತೆ ಹಾಕಿಕೊಳ್ಳಬೇಕು.

ಅಂಕಿಅಂಶ:
ಎಲ್ಲರೂ ಭಾವುಕರಾಗಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. 1981ರಲ್ಲಿ ಗೆಲ್ಲಿಸಿದ್ದು ಮತ ಒಡೆದದ್ದು. ಕಣದಲ್ಲಿ ರಿಚರ್ಡ್ ಬೋವ್ ಎಂಬ ಹೋಟೆಲ್ ಮಾಲೀಕರಿದ್ದರು. ಡೆಮಾಕ್ರಾಟರ ಟಿಕೆಟ್ ಪ್ಯಾಕೆಟ್‌ಗೆ ಹೋಯಿತು ಅಂತ ಅವರೂ ಪಕ್ಷೇತರರಾಗಿ ನಿಂತರು. ಸಾವಿರಕ್ಕೂ ಜಾಸ್ತಿ ಮತ ತೆಗೆದುಕೊಂಡರು. ಅವು ಪ್ಯಾಕೆಟ್‌ನ ಮತಗಳು. ಬೋವ್ ಇಲ್ಲದಿದ್ದರೆ ಸ್ಯಾಂಡರ್ಸ್ ಇಲ್ಲ.

ಮುಂದಿನದ್ದೂ ಹಾಗೆಯೇ. ಡೆಮಾಕ್ರಾಟರು ಗಟ್ಟಿ ಅಭ್ಯರ್ಥಿ ಹಾಕಿದಾಗ ಅವರು ಸೋತಿದ್ದಾರೆ. 1986ರಲ್ಲಿ ಗವರ್ನರ್ ಮ್ಯಾಡೆಲಿನ್ ಕ್ಯೂನಿನ್ ಎದುರು ನಿಂತು ನೂರಕ್ಕೆ ಹದಿನಾಲ್ಕು ತೆಗೆದುಕೊಂಡು ಮೂರನೆಯವರಾದರು. ಡೆಮಾಕ್ರಾಟರು ದಾರಿ ಬಿಟ್ಟಾಗ ಗೆದ್ದಿದ್ದಾರೆ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ತುಂಗಾತೀರ:
ಹಿಡಿಯಲೇಬೇಕು. ಬೋವ್ ವಿಷಯ ನಿಜ. ಮೊದಲ ಗೆಲುವಿನಲ್ಲಿ ಅದೃಷ್ಟ ಇತ್ತು, ಒಪ್ಪುತ್ತೇನೆ. ಆದರೆ ಎರಡನೆಯದನ್ನು ನೋಡಿ.

ಮೇಯರ್ ಅವಧಿ ಎರಡೇ ವರ್ಷ. ಹದಿಮೂರು ಜನರ ನಗರಸಭೆಯಲ್ಲಿ ಅವರ ಕಡೆ ಇದ್ದವರು ಇಬ್ಬರು. ಉಳಿದವರು ಸ್ಯಾಂಡರ್ಸ್ ಆರಿಸಿದ ಅಧಿಕಾರಿಗಳನ್ನೆಲ್ಲ ತಿರಸ್ಕರಿಸಿದರು. ಕಾರ್ಯದರ್ಶಿಯನ್ನೂ ಇಟ್ಟುಕೊಳ್ಳಲು ಬಿಡಲಿಲ್ಲ. ಒಂದು ವರ್ಷ ಹೀಗೆ ಕೈ ಕಟ್ಟಿಹಾಕಿದರೆ ತಾನೇ ಹೊರಟುಹೋಗುತ್ತಾನೆ ಅನ್ನುವುದು ಅವರ ಲೆಕ್ಕ. ಆದರೆ ಜನ ಅದನ್ನು ನೋಡುತ್ತಿದ್ದರು. 1982ರ ಮಾರ್ಚಿನಲ್ಲಿ ನಗರಸಭೆಗೆ ಚುನಾವಣೆ ಬಂತು, ಸ್ಯಾಂಡರ್ಸ್ ಜೊತೆಗಾರರು ಇನ್ನಷ್ಟು ಜನ ಗೆದ್ದು ಬಂದರು. ಅಲ್ಲಿಂದ ಅವರ ವೀಟೋ ಮುರಿಯಲು ವಿರೋಧಿಗಳಿಗೆ ಸಾಧ್ಯವಾಗಲಿಲ್ಲ.

1983ರಲ್ಲಿ ಡೆಮಾಕ್ರಾಟರೂ ರಿಪಬ್ಲಿಕನ್ನರೂ ಇಬ್ಬರೂ ಅಭ್ಯರ್ಥಿ ಹಾಕಿದರು. ಮತ ಹಾಕಲು ಬಂದವರ ಸಂಖ್ಯೆ ತುಂಬ ಏರಿತು. ಸ್ಯಾಂಡರ್ಸ್‌ಗೆ ನೂರಕ್ಕೆ 52. ಮೂವರ ನಡುವೆ ಅರ್ಧಕ್ಕಿಂತ ಜಾಸ್ತಿ ತೆಗೆದುಕೊಂಡ ಮೇಲೆ ಮತ ಒಡೆಯಿತು ಅನ್ನುವ ಹಾಗಿಲ್ಲ. 1985ರಲ್ಲಿ 55. 1987ರಲ್ಲಿ ಎರಡೂ ಪಕ್ಷದವರು ಸೇರಿ ಪಾಲ್ ಲಫಾಯೆಟ್ ಎಂಬ ಒಬ್ಬರೇ ಡೆಮಾಕ್ರಾಟ್ ಅಭ್ಯರ್ಥಿಯನ್ನು ಬೆಂಬಲಿಸಿದರು. ಆಗಲೂ ಗೆದ್ದರು.

ಆ ಎಂಟು ವರ್ಷಗಳಲ್ಲಿ ಏನು ಮಾಡಿದರು ಅನ್ನುವುದೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. 1984ರಲ್ಲಿ ನಗರದ ದುಡ್ಡಿನಿಂದ ಒಂದು ಸಮುದಾಯ ಭೂ ಟ್ರಸ್ಟ್ ಶುರುವಾಯಿತು. ನೆಲ ಟ್ರಸ್ಟಿನದ್ದು, ಮನೆ ಕೊಂಡವರದ್ದು. ಮಾರುವಾಗ ಲಾಭದ ಒಂದು ಭಾಗ ಮಾತ್ರ ಸಿಗುತ್ತದೆ, ಹಾಗಾಗಿ ಮುಂದೆ ಕೊಳ್ಳುವವರಿಗೂ ಬೆಲೆ ಕೈಗೆಟುಕುತ್ತದೆ. ಬೇರೆ ಹೆಸರಿನಲ್ಲಿ ಅದು ಇವತ್ತಿಗೂ ನಡೆಯುತ್ತಿದೆ. ಬೇಸ್‌ಬಾಲ್ ತಂಡ ಒಂದನ್ನು ಊರಿಗೆ ತಂದರು. ಸರೋವರದ ದಂಡೆಯ ವಿಷಯದಲ್ಲಿ ಜನ ಅವರನ್ನೇ ತಡೆದರು. 1985ರಲ್ಲಿ ದಂಡೆಯ ಅಭಿವೃದ್ಧಿಗೆ ಸಾಲಪತ್ರ ಬೇಕು ಅಂತ ಮೇಯರ್ ಬೆಂಬಲಿಸಿದ ಪ್ರಸ್ತಾವಕ್ಕೆ ಮೂರನೇ ಎರಡರಷ್ಟು ಮತ ಬೇಕಿತ್ತು, ಸಿಗಲಿಲ್ಲ. ಆಮೇಲೆ ಆ ಜಾಗ ಬಹುಪಾಲು ಸಾರ್ವಜನಿಕರಿಗೇ ಉಳಿಯಿತು. ಅವರ ಯೋಜನೆಯನ್ನು ಬೀಳಿಸಿದ ಊರೇ ಒಂದೂವರೆ ವರ್ಷದಲ್ಲಿ ಮತ್ತೆ ಅವರನ್ನು ಮೇಯರ್ ಮಾಡಿತು. ಆ ನಂಬಿಕೆ ನೋಡಿದರೆ ನನಗೆ ಗೌರವ ಬರುತ್ತದೆ, ಊರಿನ ಮೇಲೂ, ಅವರ ಮೇಲೂ.

ಉತ್ತರದ ಚಳಿ:
ಆ ದಂಡೆಯ ಮೇಲೆ ಪ್ರತಿ ಸಂಜೆ ನಡೆಯುತ್ತಿದ್ದೆ. ಆಚೆ ದಡದಲ್ಲಿ ನ್ಯೂಯಾರ್ಕ್ ರಾಜ್ಯದ ಬೆಟ್ಟಗಳ ಹಿಂದೆ ಸೂರ್ಯ ಮುಳುಗುತ್ತಾನೆ. ಅಲ್ಲಿ ಕೂರಲು ಯಾರಿಗೂ ಟಿಕೆಟ್ ಬೇಡ. ಇದರ ಹಿಂದೆ ಒಂದು ಮತದಾನ ಇತ್ತು ಅಂತ ಇವತ್ತು ಗೊತ್ತಾಯಿತು.

ಅಂಕಿಅಂಶ:
ಸರಿ, ಮೇಯರ್ ವಿಷಯ ಬಿಟ್ಟೆ. ಆದರೆ 1988 ಮತ್ತು 1990?

ಕಾಲೇಜು ಮೇಷ್ಟ್ರು:
ಇದನ್ನು ನಾನು ಹೇಳುತ್ತೇನೆ. 1988ರಲ್ಲಿ ಜಿಮ್ ಜೆಫರ್ಡ್ಸ್ ಸೆನೆಟ್ಟಿಗೆ ನಿಲ್ಲಲು ಪ್ರತಿನಿಧಿಗಳ ಸಭೆಯ ಸೀಟು ಬಿಟ್ಟರು. ಕಣದಲ್ಲಿ ರಿಪಬ್ಲಿಕನ್ ಪೀಟರ್ ಸ್ಮಿತ್, ಡೆಮಾಕ್ರಾಟ್ ಪಾಲ್ ಪೊಯಿರಿಯೆ, ಪಕ್ಷೇತರ ಸ್ಯಾಂಡರ್ಸ್. ಡೆಮಾಕ್ರಾಟ್ ಬೆಂಬಲಿಗರು ಸ್ಯಾಂಡರ್ಸ್‌ಗೆ ಹೇಳುತ್ತಿದ್ದದ್ದು ಒಂದೇ ಮಾತು, ‘ನೀನು ಮತ ಒಡೆಯುತ್ತೀಯ.’ ಫಲಿತಾಂಶ ಬಂದಾಗ ಸ್ಮಿತ್ 41, ಸ್ಯಾಂಡರ್ಸ್ 37, ಪೊಯಿರಿಯೆ 19. ಮತ ಒಡೆದವರು ಯಾರು ಅನ್ನುವ ಪ್ರಶ್ನೆ ಅಂದಿಗೆ ತಿರುಗಿಬಿತ್ತು. ಸೋತ ಚುನಾವಣೆಯೇ ಅವರ ದೊಡ್ಡ ಬಾಗಿಲು ತೆರೆಯಿತು. ಆಮೇಲೆ ಡೆಮಾಕ್ರಾಟರು ಆ ಸೀಟಿಗೆ ಗಟ್ಟಿ ಅಭ್ಯರ್ಥಿ ಹಾಕುವ ಆಸೆಯನ್ನೇ ಬಿಟ್ಟರು. 1990ರಲ್ಲಿ ಅವರ ಅಭ್ಯರ್ಥಿಗೆ ಬಂದದ್ದು ನೂರಕ್ಕೆ ಮೂರು. ಸ್ಯಾಂಡರ್ಸ್ 56, ಸ್ಮಿತ್ 39. ನಲವತ್ತು ವರ್ಷದಲ್ಲಿ ಆ ಸಭೆಗೆ ಪಕ್ಷೇತರರಾಗಿ ಆರಿಸಿ ಬಂದ ಮೊದಲಿಗರು.

ಅಂಕಿಅಂಶ ಅವರೇ, ನಿಮ್ಮ ಮಾತು ಅರ್ಧ ಸರಿ. ಡೆಮಾಕ್ರಾಟರು ದಾರಿ ಬಿಟ್ಟರು. ಆದರೆ ಪ್ರೀತಿಯಿಂದ ಬಿಟ್ಟದ್ದಲ್ಲ, 1988ರಲ್ಲಿ ಮೂರನೇ ಸ್ಥಾನಕ್ಕೆ ಬಿದ್ದ ಮೇಲೆ ಬಿಟ್ಟರು.

ಹುಬ್ಬಳ್ಳಿ ಹುಡುಗ:
1990ರಲ್ಲಿ ಬಂದೂಕಿನ ವಿಷಯವೂ ಇತ್ತು ಅಂತ ಎಲ್ಲೋ ಕೇಳಿದ ನೆನಪು. ಅದೇನು?

ಅಂಕಿಅಂಶ:
ಇತ್ತು. ಅದನ್ನೇ ಹೇಳಬೇಕು ಅಂದುಕೊಂಡಿದ್ದೆ. ವರ್ಮಾಂಟ್ ಬೇಟೆಗಾರರ ರಾಜ್ಯ. ಪೀಟರ್ ಸ್ಮಿತ್ ವಾಷಿಂಗ್ಟನ್‌ಗೆ ಹೋದ ಮೇಲೆ ಸೇನೆಯ ಮಾದರಿಯ ಬಂದೂಕುಗಳನ್ನು ನಿಷೇಧಿಸುವ ಮಸೂದೆಯ ಪರ ನಿಂತರು. ಮೊದಲು ಹೇಳಿದ್ದಕ್ಕೆ ಅದು ಉಲ್ಟಾ. ನ್ಯಾಷನಲ್ ರೈಫಲ್ ಅಸೋಸಿಯೇಷನ್ ಅವರ ಮೇಲೆ ಮುರಿದುಕೊಂಡು ಬಿತ್ತು. ಸ್ಯಾಂಡರ್ಸ್‌ಗೆ ಅದರಿಂದ ಅನುಕೂಲವಾಯಿತು. ಗೆದ್ದ ಮೇಲೆ 1993ರಲ್ಲಿ ಬಂದೂಕು ಕೊಳ್ಳುವವರ ಹಿನ್ನೆಲೆ ಪರೀಕ್ಷಿಸುವ ಬ್ರೇಡಿ ಮಸೂದೆಗೆ ಸ್ಯಾಂಡರ್ಸ್ ವಿರೋಧವಾಗಿ ಮತ ಹಾಕಿದರು. ನನಗೆ ಅವರಲ್ಲಿ ಒಪ್ಪಿಗೆಯಾಗದ ವಿಷಯ ಇದು. 2016ರಲ್ಲಿ ಕ್ಲಿಂಟನ್ ಚರ್ಚೆಗಳಲ್ಲಿ ಮತ್ತೆ ಮತ್ತೆ ಎತ್ತಿದ್ದೂ ಇದನ್ನೇ.

ತುಂಗಾತೀರ:
ನನಗೂ ಒಪ್ಪಿಗೆ ಇಲ್ಲ. ಹಳ್ಳಿಯ ಮತದಾರರ ಮನಸ್ಸು ತಿಳಿದು ನಡೆದದ್ದು ಒಂದು ಕಡೆ, ಆ ಮಸೂದೆಯಿಂದ ಉಳಿಯಬಹುದಾಗಿದ್ದ ಜೀವಗಳು ಇನ್ನೊಂದು ಕಡೆ. ಅದನ್ನು ಮುಚ್ಚಿಟ್ಟು ಅವರ ಕಥೆ ಹೇಳಬಾರದು. 1994ರಲ್ಲಿ ಅವರು ಸೇನಾ ಮಾದರಿ ಬಂದೂಕುಗಳ ನಿಷೇಧದ ಪರ ಮತ ಹಾಕಿದರು. ಅದೇ ವರ್ಷ ನ್ಯೂಟ್ ಗಿಂಗ್ರಿಚ್ ನೇತೃತ್ವದಲ್ಲಿ ರಿಪಬ್ಲಿಕನ್ ಅಲೆ ಎದ್ದಿತ್ತು. ಜಾನ್ ಕ್ಯಾರಲ್ ಎದುರು ಸ್ಯಾಂಡರ್ಸ್ 49.9, ಕ್ಯಾರಲ್ 46.6. ವಾಷಿಂಗ್ಟನ್‌ಗೆ ಹೋದ ಮೇಲೆ ಅವರು ಸೋಲಿನ ಹತ್ತಿರಕ್ಕೆ ಬಂದದ್ದು ಅದೊಂದೇ ಸಲ. ಉಳಿದ ಪ್ರತಿನಿಧಿ ಚುನಾವಣೆಗಳನ್ನು ಬೇಗ ಹೇಳಿಬಿಡುತ್ತೇನೆ. 1992ರಿಂದ 2004ರವರೆಗೆ ಏಳು ಸಲ ಮತ್ತೆ ಗೆದ್ದರು, 1994 ಬಿಟ್ಟರೆ ಎಲ್ಲವೂ ದೊಡ್ಡ ಅಂತರ.

2006ರಲ್ಲಿ ಜೆಫರ್ಡ್ಸ್ ನಿವೃತ್ತರಾದಾಗ ಸೆನೆಟ್. ಎದುರಾಳಿ ರಿಚರ್ಡ್ ಟ್ಯಾರಂಟ್, ಸ್ವಂತ ದುಡ್ಡೇ ಲಕ್ಷಾಂತರ ಡಾಲರ್ ಸುರಿದ ಉದ್ಯಮಿ. ಇಲ್ಲಿ ಒಂದು ಕುತೂಹಲದ ವಿಷಯ. ಸ್ಯಾಂಡರ್ಸ್ ಡೆಮಾಕ್ರಾಟರ ಪ್ರೈಮರಿಯಲ್ಲೂ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ನಿಂತರು, ಗೆದ್ದರು, ಆಮೇಲೆ ಆ ಟಿಕೆಟ್ ಬೇಡ ಅಂತ ಹೇಳಿ ಪಕ್ಷೇತರರಾಗಿಯೇ ಕಣಕ್ಕೆ ಇಳಿದರು. ಹೀಗೆ ಮಾಡಿದರೆ ಬೇರೆ ಡೆಮಾಕ್ರಾಟ್ ಯಾರೂ ಕಣದಲ್ಲಿ ಉಳಿಯುವುದಿಲ್ಲ. ಸೆನೆಟ್ ಚುನಾವಣೆಗಳಿಗೆ ಇದೇ ಅವರ ದಾರಿಯಾಯಿತು. ಫಲಿತಾಂಶ 65ಕ್ಕೆ 32. 2012ರಲ್ಲಿ 71, 2018ರಲ್ಲಿ 67, 2024ರಲ್ಲಿ 63. ಅಮೆರಿಕ ಕಾಂಗ್ರೆಸ್ಸಿನ ಇತಿಹಾಸದಲ್ಲಿ ಅತಿ ದೀರ್ಘ ಕಾಲ ಇದ್ದ ಪಕ್ಷೇತರ ಅವರೇ.

ಅಂಕಿಅಂಶ:
ಪ್ರೈಮರಿ ಗೆದ್ದು ಟಿಕೆಟ್ ಬಿಡುವುದು ನ್ಯಾಯವೇ? ಪಕ್ಷದ ಅನುಕೂಲ ಬೇಕು, ಪಕ್ಷದ ಹೆಸರು ಬೇಡ.

ಕಾಲೇಜು ಮೇಷ್ಟ್ರು:
ಪ್ರಶ್ನೆ ಸರಿಯಾಗಿದೆ. ವರ್ಮಾಂಟಿನಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಣಿ ಮಾಡಿಸುವ ಪದ್ಧತಿಯೇ ಇಲ್ಲ. ಯಾರು ಬೇಕಾದರೂ ಯಾವ ಪಕ್ಷದ ಪ್ರೈಮರಿಯಲ್ಲಾದರೂ ಮತ ಹಾಕಬಹುದು. ಹಾಗಾಗಿ ಅಲ್ಲಿ ಇದು ಮೋಸ ಅನಿಸುವುದಿಲ್ಲ. ಸೆನೆಟ್ಟಿನಲ್ಲೂ ಅವರು ಡೆಮಾಕ್ರಾಟರ ಗುಂಪಿನ ಜೊತೆಗೇ ಕೂರುತ್ತಾರೆ, ಸಮಿತಿಗಳ ಸ್ಥಾನ ಆ ಗುಂಪಿನಿಂದಲೇ ಸಿಗುತ್ತದೆ. ಎಲ್ಲರಿಗೂ ಗೊತ್ತಿರುವ ಒಪ್ಪಂದ ಇದು. ಆದರೆ ರಾಷ್ಟ್ರ ಮಟ್ಟದಲ್ಲಿ ಪಕ್ಷದ ಹಳೆಯ ಕಾರ್ಯಕರ್ತರಿಗೆ ನೋವಾದದ್ದು ಇದರಿಂದಲೇ. ‘ನಲವತ್ತು ವರ್ಷ ನಮ್ಮವನಲ್ಲ ಅಂದವನು ಈಗ ನಮ್ಮ ಮನೆಯ ಯಜಮಾನ ಆಗಲು ಬಂದ’ ಅನ್ನುವ ಭಾವನೆ.

ನ್ಯೂಜೆರ್ಸಿ ಅಕ್ಕ:
ಆ ಭಾವನೆಯನ್ನು ನಾನು ಕಣ್ಣಾರೆ ಕಂಡವಳು. 2016ರಲ್ಲಿ ನಾನು ಸ್ಯಾಂಡರ್ಸ್ ಪರ ಫೋನ್ ಮಾಡುತ್ತಿದ್ದೆ. ಆಫೀಸು ಮುಗಿಸಿ ಬಂದು, ಅಡುಗೆಗೆ ಕುಕ್ಕರ್ ಇಟ್ಟು, ಫೋನಿನ ಮುಂದೆ ಕೂರುತ್ತಿದ್ದೆ. ಸರಾಸರಿ ದೇಣಿಗೆ 27 ಡಾಲರ್ ಅಂತ ಅವರು ಹೇಳುತ್ತಿದ್ದದ್ದು ನೆನಪಿದೆಯಾ? ನನ್ನದೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಅಯೋವಾದಲ್ಲಿ ಕೂದಲೆಳೆ ಅಂತರದಲ್ಲಿ ಸೋತರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 60ಕ್ಕೆ 38 ಗೆದ್ದರು. ಮಿಷಿಗನ್‌ನಲ್ಲಿ ಸಮೀಕ್ಷೆಗಳೆಲ್ಲ ಕ್ಲಿಂಟನ್ ಸುಮಾರು ಇಪ್ಪತ್ತು ಅಂಕ ಮುಂದೆ ಅಂದಿದ್ದವು, ಅಲ್ಲೂ ಗೆದ್ದರು. ಆ ರಾತ್ರಿ ನಾನು ಮಲಗಲಿಲ್ಲ. ಒಟ್ಟು 22 ರಾಜ್ಯ, 1 ಕೋಟಿ 30 ಲಕ್ಷ ಮತ, ಸುಮಾರು ನೂರಕ್ಕೆ 43. ನಮ್ಮ ನ್ಯೂಜೆರ್ಸಿಯ ಪ್ರೈಮರಿ ಜೂನ್ 7ಕ್ಕೆ ಇತ್ತು. ಹಿಂದಿನ ಸಂಜೆಯೇ ಸುದ್ದಿ ಸಂಸ್ಥೆ ಕ್ಲಿಂಟನ್‌ಗೆ ಪಕ್ಷದ ಸಮಾವೇಶದಲ್ಲಿ ಬೇಕಾದಷ್ಟು ಪ್ರತಿನಿಧಿಗಳು ಸಿಕ್ಕರು ಅಂತ ಘೋಷಿಸಿತು. ನಾವು ಮತ ಹಾಕುವ ಮೊದಲೇ! ಬೆಳಿಗ್ಗೆ ಎದ್ದು ಆದರೂ ಹೋಗಿ ಹಾಕಿ ಬಂದೆ.

ಆದರೆ ಒಂದು ಸತ್ಯ ಹೇಳಬೇಕು. ನಾವು ಸೋತದ್ದು ಸುದ್ದಿ ಸಂಸ್ಥೆಯಿಂದಲ್ಲ, ಪಕ್ಷದ ನಾಯಕರಿಂದ ಮಾತ್ರವೂ ಅಲ್ಲ. ದಕ್ಷಿಣದಲ್ಲಿ ಸೋತೆವು. ಸೌತ್ ಕೆರೊಲಿನಾದಲ್ಲಿ ಕ್ಲಿಂಟನ್ 73, ನಾವು 26. ಅಲ್ಲಿನ ಕಪ್ಪು ಜನರ ಮತ ನಮಗೆ ಬರಲಿಲ್ಲ. ಫೋನಿನಲ್ಲಿ ಒಬ್ಬ ಅಜ್ಜಿ ನನಗೆ ಹೇಳಿದರು, ‘ಮಗಳೇ, ಅವರು ಹೇಳುವುದು ಚೆನ್ನಾಗಿದೆ, ಆದರೆ ನನಗೆ ಅವರ ಪರಿಚಯ ಇಲ್ಲ.’ ನಾನು ಏನು ಉತ್ತರ ಕೊಡಲಿ?

ತುಂಗಾತೀರ:
ಅಕ್ಕ, ನಾನು ಇಷ್ಟುದ್ದ ಬರೆದು ಹೇಳಲು ಒದ್ದಾಡುತ್ತಿದ್ದದ್ದನ್ನು ಆ ಅಜ್ಜಿ ಒಂದೇ ಮಾತಿನಲ್ಲಿ ಹೇಳಿದ್ದಾರೆ. ಪರಿಚಯ. ವರ್ಮಾಂಟಿನಲ್ಲಿ ಅವರ ಪರಿಚಯ ಆಗಲು ನಾಲ್ಕು ಸೋಲು ಬೇಕಾಯಿತು. ಒಂದು ಊರಿನಲ್ಲಿ ಎಂಟು ವರ್ಷ ಹಿಮ ತೆಗೆಸಬೇಕಾಯಿತು. ಆ ನಡುವೆಯೂ ರಾಜ್ಯ ಮಟ್ಟದಲ್ಲಿ ಎರಡು ಸಲ ಸೋಲಬೇಕಾಯಿತು. ಆರು ಲಕ್ಷ ಜನರ ನಡುವೆ ಅಷ್ಟು ಕಾಲ ಬೇಕಾದರೆ, ಮೂವತ್ತು ಕೋಟಿ ಜನರ ದೇಶದಲ್ಲಿ ಒಂದು ವರ್ಷದಲ್ಲಿ ಆಗುವುದು ಹೇಗೆ? ಬಿಲ್ ಕ್ಲಿಂಟನ್ ಕಾಲದಿಂದ, ಒಬಾಮಾ ಕಾಲದಿಂದ ಆ ಅಜ್ಜಿಗೆ ಬೇರೆಯವರ ಪರಿಚಯ ಇತ್ತು.

2020ರಲ್ಲೂ ಅದೇ ಕಾಣುತ್ತದೆ. 2019ರ ಅಕ್ಟೋಬರಿನಲ್ಲಿ ಹೃದಯಾಘಾತ ಆಯಿತು. ಆದರೂ ಚೇತರಿಸಿಕೊಂಡು ನ್ಯೂ ಹ್ಯಾಂಪ್‌ಶೈರ್ ಗೆದ್ದರು, ನೆವಾಡಾದಲ್ಲಿ ಭರ್ಜರಿಯಾಗಿ ಗೆದ್ದರು. ನೆವಾಡಾದ ಲ್ಯಾಟಿನೋ ಕಾರ್ಮಿಕರ ನಡುವೆ ಅವರ ಕಡೆಯವರು ತಿಂಗಳುಗಟ್ಟಲೆ ಕೆಲಸ ಮಾಡಿದ್ದರು. ಪರಿಚಯ ಮಾಡಿಕೊಂಡ ಕಡೆ ಗೆಲುವು. ಆಮೇಲೆ ಸೌತ್ ಕೆರೊಲಿನಾ. ಅಲ್ಲಿನ ಕಪ್ಪು ಜನರ ಹಿರಿಯ ನಾಯಕ ಜಿಮ್ ಕ್ಲೈಬರ್ನ್ ಬೈಡನ್ ಪರ ನಿಂತರು, ಬೈಡನ್ ದೊಡ್ಡ ಅಂತರದಲ್ಲಿ ಗೆದ್ದರು. ಕಣದಲ್ಲಿದ್ದ ಬುಟಿಜೆಜ್, ಕ್ಲೋಬುಚರ್ ಇಬ್ಬರೂ ಹಿಂದೆ ಸರಿದು ಬೈಡನ್ ಜೊತೆ ಸೇರಿದರು. ಮರುದಿನ ಸೂಪರ್ ಮಂಗಳವಾರ, ಅಂದರೆ ಹಲವು ರಾಜ್ಯಗಳಲ್ಲಿ ಒಂದೇ ದಿನ ಪ್ರೈಮರಿ. ಹದಿನಾಲ್ಕು ರಾಜ್ಯಗಳಲ್ಲಿ ಹತ್ತು ಬೈಡನ್‌ಗೆ. ಸ್ಯಾಂಡರ್ಸ್‌ಗೆ ಕ್ಯಾಲಿಫೋರ್ನಿಯಾ, ಕೊಲೊರಾಡೊ, ಯೂಟಾ, ವರ್ಮಾಂಟ್.

ತಾರೀಖು ನೋಡಿ. 2020ರ ಮಾರ್ಚ್ 3, ಮಂಗಳವಾರ. ಹತ್ತು ಮತದಿಂದ ಗೆದ್ದು ಸರಿಯಾಗಿ 39 ವರ್ಷ.

ಉತ್ತರದ ಚಳಿ:
ಈ ತಾರೀಖು ನೋಡಿ ಮೈ ಜುಮ್ಮೆಂದಿತು.

ಹುಬ್ಬಳ್ಳಿ ಹುಡುಗ:
ನಮ್ಮ ಕಡೆಯ ಒಂದು ನಂಟು ಇದೆ, ಹೇಳಬಹುದಾ? ಶ್ರೀ ಥಾಣೇದಾರ್ ಈಗ ಮಿಷಿಗನ್‌ನಿಂದ ಪ್ರತಿನಿಧಿಗಳ ಸಭೆಯಲ್ಲಿದ್ದಾರೆ. ಹುಟ್ಟಿದ್ದು ಚಿಕ್ಕೋಡಿ, ಬೆಳೆದದ್ದು ಬೆಳಗಾವಿ. 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಯ ಡೆಮಾಕ್ರಾಟ್ ಪ್ರೈಮರಿಯಲ್ಲಿ ಮೂರನೆಯವರಾದರು. ಆಗ ಸ್ಯಾಂಡರ್ಸ್ ಬೆಂಬಲಿಸಿದ್ದು ಎರಡನೆಯವರಾದ ಅಬ್ದುಲ್ ಎಲ್-ಸಯ್ಯದ್ ಅವರನ್ನು. ಗೆದ್ದವರು ಗ್ರೆಚೆನ್ ವಿಟ್ಮರ್. 2020ರಲ್ಲಿ ಥಾಣೇದಾರ್ ರಾಜ್ಯದ ಶಾಸನಸಭೆಗೆ ನಿಂತು ಗೆದ್ದರು, 2022ರಲ್ಲಿ ವಾಷಿಂಗ್ಟನ್‌ಗೆ ಹೋದರು. ದೊಡ್ಡದಕ್ಕೆ ನಿಂತು ಸೋತು, ಚಿಕ್ಕದರಿಂದ ಮತ್ತೆ ಶುರು ಮಾಡಿದ್ದು ಒಂದೇ ಥರ ಕಂಡಿತು.

ಅಂಕಿಅಂಶ:
ಒಂದು ವ್ಯತ್ಯಾಸ ಇದೆ. ಥಾಣೇದಾರ್ ಸ್ವಂತ ದುಡ್ಡು ಹಾಕಬಲ್ಲ ಉದ್ಯಮಿ. 1972ರ ಸ್ಯಾಂಡರ್ಸ್ ಹತ್ತಿರ ದುಡ್ಡಿರಲಿಲ್ಲ. ಆದರೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿದ ಮಾತು ಸರಿ. ನಾನು ಮತ ಒಡೆದ ಲೆಕ್ಕದಿಂದ ಶುರು ಮಾಡಿದೆ. ಈಗಲೂ ಅದರಲ್ಲಿ ಸತ್ಯ ಇದೆ ಅಂತಲೇ ನನ್ನ ನಂಬಿಕೆ, ಬೋವ್ ಇಲ್ಲದಿದ್ದರೆ 1981 ಇಲ್ಲ. ಆದರೆ 1983ರ 52 ನನ್ನ ಲೆಕ್ಕಕ್ಕೆ ಸಿಗುತ್ತಿಲ್ಲ. ಅದನ್ನು ವಾರ್ಡುವಾರು ನೋಡಬೇಕು.

ನ್ಯೂಜೆರ್ಸಿ ಅಕ್ಕ:
2024ರಲ್ಲಿ ಗೆದ್ದಾಗ ಅವರಿಗೆ 83 ವರ್ಷ. ಅವಧಿ ಮುಗಿಯುವುದು 2031ರ ಜನವರಿಗೆ. ನನಗೆ ಅವರ ಮೇಲೆ ಎಷ್ಟು ಪ್ರೀತಿ ಇದ್ದರೂ ಈ ಸಲ ಕಿರಿಯರಿಗೆ ಬಿಡಬೇಕಿತ್ತು ಅನಿಸುತ್ತದೆ. ವರ್ಮಾಂಟಿನಲ್ಲಿ ಸರದಿ ತುಂಬ ಉದ್ದ. ಪೀಟರ್ ವೆಲ್ಚ್ ಅವರನ್ನೇ ನೋಡಿ. 1988ರಲ್ಲಿ ಇದೇ ಪ್ರತಿನಿಧಿ ಸೀಟಿಗೆ ಡೆಮಾಕ್ರಾಟರ ಪ್ರೈಮರಿಯಲ್ಲಿ ಪೊಯಿರಿಯೆ ಎದುರು ಸೋತರು. ಸ್ಯಾಂಡರ್ಸ್ ಸೆನೆಟ್ಟಿಗೆ ಹೋದ ಮೇಲೆ 2006ರಲ್ಲಿ ಆ ಸೀಟು ಸಿಕ್ಕಿತು. ಲೇಹಿ ನಿವೃತ್ತರಾದ ಮೇಲೆ 2022ರಲ್ಲಿ ಸೆನೆಟ್. ಆಗ ಅವರಿಗೆ 75 ವರ್ಷ.

ಕಾಲೇಜು ಮೇಷ್ಟ್ರು:
ನಿಮ್ಮ ಮಾತು ಒಪ್ಪುತ್ತೇನೆ ತಾಯಿ. ಒಂದೇ ಸೀಟಿನ ರಾಜ್ಯದಲ್ಲಿ ಒಬ್ಬರು ಕೂತರೆ ಉಳಿದವರು ಹದಿನೈದು ಇಪ್ಪತ್ತು ವರ್ಷ ಬಾಗಿಲಲ್ಲಿ ನಿಲ್ಲಬೇಕು.

ತುಂಗಾತೀರ:
ಮೇಷ್ಟ್ರೇ, ಲೇಹಿ ಬಗ್ಗೆ ನೀವೇ ಒಂದು ಚರ್ಚೆ ಶುರು ಮಾಡುತ್ತೀರಾ? 1980ರಲ್ಲಿ ರೇಗನ್ ಅಲೆಯಲ್ಲಿ ಅವರು ಮೂರು ಸಾವಿರಕ್ಕೂ ಕಡಿಮೆ ಮತದಿಂದ ಉಳಿದುಕೊಂಡರು ಅಂತ ನನ್ನ ನೋಟ್‌ಬುಕ್ಕಿನಲ್ಲಿದೆ. ಅದಾದ ನಾಲ್ಕೇ ತಿಂಗಳಿಗೆ ಬರ್ಲಿಂಗ್ಟನ್‌ನ ಹತ್ತು ಮತ.

ಕಾಲೇಜು ಮೇಷ್ಟ್ರು:
ಮಾಡುತ್ತೇನೆ. ಪರೀಕ್ಷೆಯ ಪೇಪರ್ ತಿದ್ದುವುದು ಬಾಕಿ ಇದೆ, ಮುಂದಿನ ವಾರ ಹಾಕುತ್ತೇನೆ. ಅಂಕಿಅಂಶ ಅವರೇ, 1983ರ ವಾರ್ಡುವಾರು ಲೆಕ್ಕ ಸಿಕ್ಕರೆ ಇಲ್ಲೇ ಹಾಕಿ. ಬಡವರ ಕೇರಿಗಳಿದ್ದ ಓಲ್ಡ್ ನಾರ್ತ್ ಎಂಡ್ ವಾರ್ಡುಗಳಿಂದ ಶುರು ಮಾಡಿ.